ಹತ್ತು ಕೈಗಳ ಪ್ರಹಸನ

ನಗೆಬರಹವೆಂದರೆ ಒಬ್ಬ ಮನುಷ್ಯನು ಏಕಾಂತದಲ್ಲಿ ಕುಳಿತು, ತನ್ನಷ್ಟಕ್ಕೆ ತಾನೇ ಮುಗುಳ್ನಗುತ್ತ ಬರೆಯತಕ್ಕ ವಸ್ತುವೆಂದು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಭಾವಿಸಿಕೊಂಡು ಬಂದಿದ್ದೇವೆ. ಲಲಿತಪ್ರಬಂಧದ ಮಟ್ಟಿಗೆ ಈ ಮಾತು ನಿಜವಿದ್ದೀತು. ಆದರೆ ಕಳೆದ ತಿಂಗಳು ಊರಿನಲ್ಲಿ ನಡೆದ ಸಂಗತಿಯೊಂದನ್ನು ಈ ತಿಂಗಳು ಅದೇ ಊರಿನ ಜನರ ಮುಂದೆ ಏಳು ನಿಮಿಷದ ಪ್ರಹಸನವಾಗಿ ಆಡಿ ತೋರಿಸಬೇಕಾದಾಗ ಆ ಏಕಾಂತವು ಯಾವ ಉಪಯೋಗಕ್ಕೂ ಬರುವುದಿಲ್ಲ. ಏಕೆಂದರೆ ಅಲ್ಲಿ ಪ್ರೇಕ್ಷಕನಿಗೆ ಕತೆ ಮೊದಲೇ ಗೊತ್ತಿದೆ, ಪಾತ್ರಗಳೂ ಗೊತ್ತು, ಅವುಗಳ ಮನೆಯ ದಾರಿಯೂ ಗೊತ್ತು. ಬರೆದವನಿಗೆ ಅವನಿಗಿಂತ ಕಡಿಮೆ ಗೊತ್ತಿದ್ದರೆ ಅದು ಮೊದಲನೆಯ ನಿಮಿಷದಲ್ಲಿಯೇ ಬಯಲಾಗುತ್ತದೆ.

ನಮ್ಮ ಪಡುಬಿದ್ರಿಯ ಕಡೆ ದೀಪಾವಳಿ ಕಳೆಯಿತೆಂದರೆ ಆಟ, ಕೋಲ, ನೇಮ, ಶಾಲೆಗಳ ವಾರ್ಷಿಕೋತ್ಸವ, ಸಂಘಗಳ ವಾರ್ಷಿಕೋತ್ಸವ ಎಂದು ಒಂದರ ಬೆನ್ನಿಗೆ ಒಂದರಂತೆ ಚಪ್ಪರಗಳು ಏಳುತ್ತವೆ. ಬೇಸಗೆಯ ಕೊನೆಗೆ ಪತ್ತನಾಜೆ ಬಂದು ಗೆಜ್ಜೆ ಬಿಚ್ಚುವ ತನಕ ಕಡಲ ಕರೆಯಿಂದ ಕಾರ್ಕಳದ ದಾರಿಯುದ್ದಕ್ಕೂ ಒಂದಲ್ಲ ಒಂದು ಕಡೆ ಮೈಕಿನ ಸದ್ದು ಕೇಳಿಸದ ರಾತ್ರಿಗಳು ಕಡಿಮೆ. ಆಮಂತ್ರಣ ಪತ್ರಿಕೆಯಲ್ಲಿ ಸಭಾ ಕಾರ್ಯಕ್ರಮ, ಸನ್ಮಾನ, ಬಹುಮಾನ ವಿತರಣೆ ಇವೆಲ್ಲ ಮುಗಿದ ಬಳಿಕ, ಅಡಿಯಲ್ಲಿ ‘ವಿವಿಧ ವಿನೋದಾವಳಿ’ ಎಂಬ ಎರಡು ಪದಗಳಿರುತ್ತವೆ. ನಾನು ಹೇಳಹೊರಟಿರುವುದು ಆ ಎರಡು ಪದಗಳ ಒಳಗಿನ ಸಂಗತಿಯನ್ನು. ವಿಮರ್ಶಕರು ಯಾರೂ ಇತ್ತ ಕಣ್ಣು ಹಾಯಿಸಿದಂತಿಲ್ಲ. ಹಾಯಿಸಬೇಕಾದಷ್ಟು ಘನವಾದದ್ದು ಇಲ್ಲಿ ಏನಿದೆ ಎಂದು ಕೇಳುವವರೂ ಇದ್ದಾರೆ.

ನಮ್ಮ ತಂಡಕ್ಕೆ ಹೇಳಿಕೊಳ್ಳುವಂತಹ ಹೆಸರಿಲ್ಲ. ಒಬ್ಬರು ರಿಕ್ಷಾ ಚಾಲಕರು, ಒಬ್ಬರು ಬ್ಯಾಂಕಿನ ಗುಮಾಸ್ತರು, ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರು, ಮೀನುಗಾರಿಕೆಯ ದೋಣಿಗೆ ಹೋಗುವ ಇಬ್ಬರು ತರುಣರು, ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಈಗ ಊರಿಗೆ ಮರಳಿದ ಹಿರಿಯರೊಬ್ಬರು, ಮತ್ತು ನಾನು. ಕನ್ನಡ ಎಂ.ಎ. ಮಾಡಿದವನೆಂಬ ಕಾರಣಕ್ಕೆ ಬರೆದುಕೊಳ್ಳುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ರಾತ್ರಿ ಎಂಟು ಗಂಟೆಯ ಮೇಲೆ ಶಾಲೆಯ ಒಂದು ಕೋಣೆಯಲ್ಲಿ, ಎರಡನೆಯ ತರಗತಿಯ ಮಕ್ಕಳ ಗಿಡ್ಡ ಬೆಂಚುಗಳಲ್ಲಿ ಮೊಣಕಾಲುಗಳನ್ನು ಗಲ್ಲಕ್ಕೆ ತಾಗಿಸಿ ನಾವು ಕೂಡುತ್ತೇವೆ. ಇರುವುದು ಒಂದೇ ಕಟ್ಟಳೆ. ಯಾರೂ ಬರೆದು ತಂದದ್ದನ್ನು ಓದಬಾರದು, ಬಾಯಲ್ಲಿ ಹೇಳಬೇಕು. ಹೇಳಿದ್ದಕ್ಕೆ ಕನಿಷ್ಠ ಮೂವರು ನಕ್ಕರೆ ಅದು ನನ್ನ ಪುಸ್ತಕವನ್ನು ಸೇರುತ್ತದೆ. ಇಲ್ಲವಾದರೆ ಅದು ಎಷ್ಟೇ ಸುಂದರವಾದ ವಾಕ್ಯವಾಗಿದ್ದರೂ ಹೊರಗೆ. ಕಾಗದದ ಮೇಲೆ ಮಿಂಚಿದ ವಿನೋದವು ಬಾಯಿಗೆ ಬಂದೊಡನೆ ಮಂಕಾಗುವುದನ್ನು ನಾನು ಈ ಕೋಣೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಹೆದ್ದಾರಿಯನ್ನು ಕುರಿತ ಪ್ರಹಸನವು ಬೆಳೆದ ಬಗೆಯನ್ನು ಹೇಳಿದರೆ ಈ ಕೆಲಸದ ಸ್ವರೂಪ ಓದುಗರಿಗೆ ತಿಳಿದೀತು. ನಮ್ಮ ಊರನ್ನು ಸೀಳಿಕೊಂಡು ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿ—ಹಿಂದೆ ಇದಕ್ಕೆ 17 ಎಂಬ ಸಂಖ್ಯೆಯಿತ್ತು—ಚತುಷ್ಪಥವಾಗುತ್ತಿದ್ದ ವರ್ಷಗಳಲ್ಲಿ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಬ್ಯಾಂಕಿನವರು ಬೀಜವನ್ನು ಹಾಕಿದರು: ಒಬ್ಬನ ಮನೆ ರಸ್ತೆಯ ಈಚೆ, ಬಾವಿ ರಸ್ತೆಯ ಆಚೆ. ಇಷ್ಟಕ್ಕೆ ಯಾರೂ ನಗಲಿಲ್ಲ. ಅಂತಹವರು ನಿಜವಾಗಿಯೂ ಇದ್ದರು. ದೋಣಿಯ ಹುಡುಗನೊಬ್ಬ, “ನಡುವೆ ಗೋಡೆಯಂತೆ ಡಿವೈಡರ್ ಇದೆಯಲ್ಲ, ದಾಟುವುದು ಹೇಗೆ? ತಿರುಗಿ ಬರಬೇಕಾದರೆ ಕೊಡಪಾನಕ್ಕೂ ಒಂದು ಗಾಡಿ ಬೇಕು” ಎಂದ. ಒಬ್ಬರು ನಕ್ಕರು. ಆಗ ರಿಕ್ಷಾದವರು, ತಮ್ಮ ಸೀಟಿನಲ್ಲಿ ಕುಳಿತ ಭಂಗಿಯಲ್ಲಿಯೇ ಬೆನ್ನು ತಿರುಗಿಸಿ, “ಟೋಲಿನ ಹತ್ತಿರ ಬಂದಾಗ ಅವನು ಕೇಳುತ್ತಾನೆ ಮಾಷ್ಟ್ರೇ: ಕೊಡಪಾನ ಸಿಂಗಲ್ಲೋ, ರಿಟರ್ನೋ?” ಎಂದರು. ಕೋಣೆಯೆಲ್ಲ ನಕ್ಕಿತು. ನನಗೆ ಆ ಕ್ಷಣದಲ್ಲಿ, “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರಂತೆ” ಎಂಬ ನಮ್ಮ ಹಳೆಯ ಗಾದೆ ನೆನಪಾಯಿತು. ಹಾಗಾಗಿ ಕೊಡಪಾನದವನು ಸುಂಕದವನ ಮುಂದೆ ತನ್ನ ಸಂಸಾರದ ಕತೆಯನ್ನೆಲ್ಲ ಹೇಳುವುದೂ, ಅವನು ಪ್ರತಿಯೊಂದು ದುಃಖಕ್ಕೂ ಒಂದೊಂದು ರಶೀದಿಯನ್ನು ಹರಿದುಕೊಡುವುದೂ ನನ್ನ ಪಾಲಿನ ಕಾಣಿಕೆಯಾಯಿತು. ಕೊನೆಗೆ ಟೀಚರ್ ಒಂದು ತಿದ್ದುಪಡಿ ಮಾಡಿದರು. ನೀರು ತರುವವನು ಗಂಡಸಲ್ಲ, ಹೆಂಗಸು ಆಗಬೇಕು ಎಂದರು. “ನಿಮ್ಮಲ್ಲಿ ಯಾರ ಮನೆಯಲ್ಲಿ ಗಂಡಸರು ನೀರು ತರುತ್ತಾರೆ, ಹೇಳಿ?” ಎಂದು ಕೇಳಿದಾಗ ನಾವು ಆರು ಮಂದಿ ಗಂಡಸರೂ ಸುಮ್ಮನಾದೆವು. ಆ ಒಂದು ಬದಲಾವಣೆಯಿಂದ ಇಡೀ ಪ್ರಹಸನಕ್ಕೆ ಒಂದು ತೂಕ ಬಂದಿತು. ಅದು ಯಾರು ಬರೆದದ್ದೆಂದು ಕೇಳಿದರೆ ಏನೆಂದು ಹೇಳುವುದು?

ಇಂತಹ ಬರಹಕ್ಕೆ ನಮ್ಮಲ್ಲಿ ಪೂರ್ವಜರಿಲ್ಲದಿಲ್ಲ. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ನಾವು ತರಗತಿಯಲ್ಲಿ ಪಾಠ ಹೇಳುವ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರದು. ಇದೇ ಕರಾವಳಿಯ ಬಡಗಣ ಭಾಗದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದದ್ದು. ಹೆಣ್ಣುಮಗುವನ್ನು ಹಣಕ್ಕೆ ಮಾರಿ ಮುದುಕನಿಗೆ ಕಟ್ಟುತ್ತಿದ್ದ ಕನ್ಯಾವಿಕ್ರಯವು ಅವರ ಕಣ್ಣ ಮುಂದೆ, ಅವರದೇ ಸಮಾಜದಲ್ಲಿ ನಡೆಯುತ್ತಿದ್ದ ಸಂಗತಿ. ಅದನ್ನು ಅವರು ಹವ್ಯಕರ ಮನೆಮಾತಿನಲ್ಲಿಯೇ ಬರೆದರು. ಸಂಸ್ಕೃತ ನಾಟಕಗಳ ಅನುವಾದಗಳು ಪ್ರೌಢವಾಗಿ ಮೆರೆಯುತ್ತಿದ್ದ ಕಾಲದಲ್ಲಿ ನೆರೆಮನೆಯ ಮಾತನ್ನು ಪುಸ್ತಕಕ್ಕೆ ತಂದ ಧೈರ್ಯವನ್ನು ಈಗ ಅಳೆಯುವುದು ಕಷ್ಟ.

ಕೈಲಾಸಂ ಅವರ ವಿಷಯವನ್ನಂತೂ ಹೇಳಲೇಬೇಕಾಗಿಲ್ಲ. ಬೆಂಗಳೂರಿನ ಹವ್ಯಾಸಿ ನಾಟಕಕಾರರು 1909ರಲ್ಲಿ ‘ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್’ ಕಟ್ಟಿದ ಮೇಲೆ ಕಂಪನಿ ನಾಟಕಗಳಿಗೆ ಹೊರತಾದ ಒಂದು ರಂಗಭೂಮಿ ಕನ್ನಡಕ್ಕೆ ದೊರೆಯಿತು. ಆ ಹವ್ಯಾಸಿ ರಂಗಕ್ಕೆ ತನ್ನದೇ ಆದ ಮಾತು ದೊರೆತದ್ದು ಕೈಲಾಸಂ ಅವರಿಂದ. ‘ಹೋಂ ರೂಲು’, ‘ನಮ್ ಕ್ಲಬ್ಬು’, ‘ಪೋಲಿ ಕಿಟ್ಟಿ’—ಹೆಸರುಗಳೇ ಅಂದಂದಿನ ಮಾತನ್ನು ಹೊತ್ತುಕೊಂಡಿವೆ. ಲಂಡನ್ನಿಗೆ ಹೋಗಿ ಭೂವಿಜ್ಞಾನವನ್ನು ಓದಿ ಬಂದವರು ಅರ್ಧ ಇಂಗ್ಲಿಷು ಅರ್ಧ ಕನ್ನಡದ ಆ ಅಗ್ರಹಾರದ ಮಾತನ್ನು ಕಿವಿಯಿಂದಲೇ ಸಂಗ್ರಹಿಸಿದರು. ಅವರು ನಾಟಕಗಳನ್ನು ಬಾಯಲ್ಲಿ ಹೇಳುತ್ತಿದ್ದರು, ಇತರರು ಬರೆದುಕೊಳ್ಳುತ್ತಿದ್ದರು ಎಂಬುದು ಪ್ರಸಿದ್ಧ. ಆ ಬರೆದುಕೊಂಡವರ ಕಡೆಗೆ ನನಗೆ ಈಚೆಗೆ ವಿಶೇಷವಾದ ಸಹಾನುಭೂತಿ ಉಂಟಾಗಿದೆ. ಅಷ್ಟು ವೇಗವಾಗಿ ಬರುವ ಮಾತನ್ನು ನಗದೆ ಬರೆದುಕೊಳ್ಳುವುದು ಸುಲಭವಲ್ಲ.

ಹಲವರು ಕೂಡಿ ಬರೆಯುವ ಪದ್ಧತಿ ಹೊರಗಿನವರಿಗೂ ಹೊಸತಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ‘ಫುಟ್‌ಲೈಟ್ಸ್’ ಎಂಬ ವಿದ್ಯಾರ್ಥಿಗಳ ಮಂಡಳಿ 1883ರಿಂದ ಇದನ್ನು ಮಾಡಿಕೊಂಡು ಬಂದಿದೆ. ಆಕ್ಸ್‌ಫರ್ಡಿನಿಂದ ಇಬ್ಬರು, ಕೇಂಬ್ರಿಜ್ಜಿನಿಂದ ಇಬ್ಬರು ಸೇರಿ 1960ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಆಡಿದ ‘ಬಿಯಾಂಡ್ ದ ಫ್ರಿಂಜ್’ ಎಂಬ ಪ್ರಹಸನಮಾಲೆಯಲ್ಲಿ ಆಗಿನ ಪ್ರಧಾನಿಯನ್ನೇ ಅಣಕಿಸಿದ್ದರು. ಆ ನಾಲ್ವರೂ ಮುಂದೆ ಬಹಳ ದೊಡ್ಡವರಾದರು. ನಮ್ಮ ಕೋಣೆಯಿಂದ ಯಾರೂ ದೊಡ್ಡವರಾಗುವ ಅಪಾಯ ಸದ್ಯಕ್ಕೆ ಕಾಣುವುದಿಲ್ಲ.

ಆದರೆ ನಮಗೆ ಹತ್ತಿರದ ಗುರು ಬೇರೊಬ್ಬನಿದ್ದಾನೆ: ಯಕ್ಷಗಾನದ ಹಾಸ್ಯಗಾರ. ಅರ್ಥಗಾರಿಕೆಗೆ ಬರೆದ ಪಠ್ಯವಿಲ್ಲ. ಪದ್ಯವು ಕೊಟ್ಟಷ್ಟು ಎಡೆಯಲ್ಲಿ ದಾರುಕನೋ, ಬಾಹುಕನೋ, ಹೆಸರಿಲ್ಲದ ಒಬ್ಬ ದೂತನೋ ಆ ರಾತ್ರಿಯ ಜನರನ್ನು ನೋಡಿ ಮಾತನ್ನು ಹುಟ್ಟಿಸಬೇಕು. ದ್ವಾಪರಯುಗದ ಸಾರಥಿ ರಸ್ತೆಯ ಹೊಂಡದ ವಿಷಯವೆತ್ತಿದರೆ ಪುರಾಣದ ಆವರಣ ಕೆಡುತ್ತದೆಂದು ಬಲ್ಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ನ್ಯಾಯವಾದದ್ದೇ. ಆದರೂ ಒಳ್ಳೆಯ ಹಾಸ್ಯಗಾರನು ಮಾಡುವುದನ್ನು ಗಮನಿಸಿ ನೋಡಿದರೆ, ಅವನು ಹೊಂಡದ ಹೆಸರನ್ನೇ ಹೇಳುವುದಿಲ್ಲ. ರಥವು ಏಕೆ ತಡವಾಯಿತೆಂದು ಒಡೆಯನು ಕೇಳಿದಾಗ ಒಮ್ಮೆ ಸೊಂಟವನ್ನು ಹಿಡಿದುಕೊಂಡು ನಿಲ್ಲುತ್ತಾನೆ, ಅಷ್ಟೆ. ಉಳಿದದ್ದನ್ನು ಚಾಪೆಯ ಮೇಲೆ ಕುಳಿತವರು ತಾವೇ ಪೂರ್ತಿ ಮಾಡಿಕೊಳ್ಳುತ್ತಾರೆ. ಅರ್ಧವನ್ನು ಪ್ರೇಕ್ಷಕನಿಗೆ ಬಿಡುವ ಈ ವಿದ್ಯೆಯನ್ನು ನಾವು ಇನ್ನೂ ಕಲಿಯುತ್ತಿದ್ದೇವೆ. ದೋಣಿಯ ತರುಣರಿಗೆ ಅದು ನನಗಿಂತ ಚೆನ್ನಾಗಿ ಒಲಿದಿದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮೂರು ನಾಲ್ಕು ವರ್ಷಗಳ ಹಿಂದೆ, ನಮ್ಮ ತಂಡದ ತರುಣನೊಬ್ಬ ಒಂದು ಪ್ರಸಂಗವನ್ನು ಬಾಯಲ್ಲಿ ಆಡಿ ತೋರಿಸಿದ. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆಯ ಕಡೆಯಿಂದ ಬಂದ ಕೂಲಿಗಾರನೊಬ್ಬನು ನಮ್ಮ ಪೇಟೆಯಲ್ಲಿ ದಾರಿ ತಪ್ಪಿ ಪೇಚಾಡುವ ಕತೆ. ಹುಡುಗ ಒಳ್ಳೆಯ ಅನುಕರಣಪಟು. ನಡಿಗೆ, ತಲೆಗೆ ಸುತ್ತಿದ ವಸ್ತ್ರ, ಎಳೆದು ಆಡುವ ಮಾತು ಎಲ್ಲವೂ ಕಣ್ಣಿಗೆ ಕಟ್ಟುವಂತಿತ್ತು. ಮೂವರಲ್ಲ, ಐವರು ನಕ್ಕರು. ಕಟ್ಟಳೆಯ ಪ್ರಕಾರ ಅದು ಪುಸ್ತಕಕ್ಕೆ ಸೇರಬೇಕು. ನಾನು ಲೇಖನಿ ಎತ್ತಿದೆ. ಟೀಚರ್ ಮಾತ್ರ ನಗದೆ ಕುಳಿತಿದ್ದರು. “ನನ್ನ ತರಗತಿಯಲ್ಲಿ ಅಂಥವರ ಮಕ್ಕಳು ಹನ್ನೊಂದು ಮಂದಿ ಇದ್ದಾರೆ. ವಾರ್ಷಿಕೋತ್ಸವದ ದಿನ ಮಕ್ಕಳನ್ನು ಎದುರಿನ ಚಾಪೆಯಲ್ಲಿ ಕೂರಿಸುತ್ತೇವೆ. ಅವರ ಅಪ್ಪಂದಿರು ಹಿಂದೆ ಗೋಡೆಯ ಹತ್ತಿರ ನಿಂತಿರುತ್ತಾರೆ” ಎಂದರು. ಅಷ್ಟೇ ಅವರು ಹೇಳಿದ್ದು.

ಚರ್ಚೆ ಆ ರಾತ್ರಿ ಹನ್ನೊಂದರ ತನಕ ಹೋಯಿತು. ನಗೆಗೆ ಇಷ್ಟು ನಯನಾಜೂಕು ಕಟ್ಟಿದರೆ ಉಳಿಯುವುದೇನು, ನಮ್ಮವರನ್ನೂ ನಾವು ಹಾಸ್ಯ ಮಾಡುವುದಿಲ್ಲವೇ, ಅವರೂ ಸ್ವಲ್ಪ ಸಹಿಸಿಕೊಳ್ಳಲಿ ಎಂದು ಒಂದು ಪಕ್ಷ. ಇದಕ್ಕೆ ಉತ್ತರ ಕೊಟ್ಟವರು ಮುಂಬಯಿಯಿಂದ ಬಂದ ಹಿರಿಯರು. ಬಡಕಲು ಹುಡುಗನಾಗಿ ಅವರು ಮುಂಬಯಿಗೆ ಹೋದಾಗ ಅವರ ಹಿಂದಿಯನ್ನೂ, ಅವರು ತೊಡುತ್ತಿದ್ದ ಅಡ್ಡಪಂಚೆಯನ್ನೂ ಅಣಕಿಸುತ್ತಿದ್ದುದನ್ನು ಅವರು ಮೊದಲ ಬಾರಿಗೆ ನಮಗೆ ಹೇಳಿದರು. ಹಿಂದಿ ಸಿನಿಮಾಗಳಲ್ಲಿ ದಕ್ಷಿಣದವನೆಂದರೆ ನಗಿಸುವುದಕ್ಕಾಗಿಯೇ ಹುಟ್ಟಿದ ಪ್ರಾಣಿ ಎಂಬಂತೆ ತೋರಿಸುತ್ತಿದ್ದ ಕಾಲ ಅದು. “ಟಾಕೀಸಿನಲ್ಲಿ ಎಲ್ಲರೂ ನಗುವಾಗ ನಾನೂ ನಗುತ್ತಿದ್ದೆ ಮಾಷ್ಟ್ರೇ. ನಗದಿದ್ದರೆ ನಾನು ಯಾರೆಂದು ಗೊತ್ತಾಗಿಬಿಡುತ್ತಿತ್ತಲ್ಲ” ಎಂದರು.

ಪ್ರಸಂಗವನ್ನು ಕೈಬಿಡುವುದೆಂದು ತೀರ್ಮಾನವಾಗಲಿಲ್ಲ. ಟೀಚರ್ ಇನ್ನೊಂದು ಉಪಾಯ ಹೇಳಿದರು. ಮರುವಾರ ಅವರು ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು, ಆಗ ಎಂಟನೆಯ ತರಗತಿಯಲ್ಲಿದ್ದವಳನ್ನು, ಅವಳ ತಾಯಿಯೊಡನೆ ಕೋಣೆಗೆ ಕರೆತಂದರು. “ಇಲ್ಲಿಗೆ ಬಂದಾಗ ನಿನಗೆ ನಗು ಬಂದದ್ದು ಏನು?” ಎಂದು ಕೇಳಿದರು. ಹುಡುಗಿ ಮೊದಲು ಸೆರಗಿನ ಮರೆಯಲ್ಲಿ ತಾಯಿಯನ್ನು ನೋಡಿದಳು. ಬಳಿಕ ಶುರುಮಾಡಿದವಳು ನಿಲ್ಲಿಸಲಿಲ್ಲ.

ಓದುಗರಲ್ಲಿ ಘಟ್ಟದ ಮೇಲಿನವರಿಗಾಗಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮನೆಯ ಮಾತು, ಪೇಟೆಯ ಮಾತು ತುಳು. ಕನ್ನಡವು ನಮಗೆ ಶಾಲೆಯಲ್ಲಿ ಬಂದದ್ದು. ಆದುದರಿಂದ ನಾವು ಅದನ್ನು ಪುಸ್ತಕದಲ್ಲಿದ್ದಂತೆಯೇ ಆಡುತ್ತೇವೆ. ಇನ್ನೊಬ್ಬರ ಕಿವಿಗೆ ಇದು ಹೇಗೆ ಕೇಳಿಸೀತೆಂದು ನಾವು ಯೋಚಿಸಿದ್ದೇ ಇಲ್ಲ. ಹುಡುಗಿ ಹೇಳಿದ್ದು ಹೀಗೆ. ಅವಳು ಅಂಗಡಿಗೆ ಹೋಗಿ, “ಬೆಲ್ಲ ಐತೇನ್ರಿ?” ಎಂದು ಕೇಳಿದಳು. ಅಂಗಡಿಯವರು, “ಉಂಡು” ಎಂದರು. ತುಳುವಿನಲ್ಲಿ ಅದರ ಅರ್ಥ ‘ಇದೆ’ ಎಂದು. ಅವಳು, “ಉಂಡ್ ಬರ್ರಿ, ನಾ ಇಲ್ಲೇ ನಿಂತಿರ್ತೀನ್ರಿ” ಎಂದು ಕಟ್ಟೆಯ ಬದಿಗೆ ಸರಿದು ನಿಂತಳು. ಎಷ್ಟು ಹೊತ್ತಾದರೂ ಅವರು ಊಟಕ್ಕೆ ಏಳಲಿಲ್ಲ. ಮತ್ತೆ, “ಬೆಲ್ಲ ಚಲೋ ಐತೇನ್ರಿ?” ಎಂದಳು. ಅವರು, “ಅಂದ್” ಎಂದರು, ಎಂದರೆ ‘ಹೌದು’. ಇವಳು, “ಯಾರ್ ಅಂದ್ರು?” ಎಂದು ಹಿಂದಿರುಗಿ ನೋಡಿದಳು. ಅಷ್ಟರಲ್ಲಿ ಅಲ್ಲಿಗೆ ಬಂದ ಮಾಸ್ತರರೊಬ್ಬರು ಕರುಣೆಯಿಂದ, “ಮಗೂ, ಅಂಗಡಿಯವರಲ್ಲಿ ಬೆಲ್ಲವಿದೆ. ನಿನಗೆ ಎಷ್ಟು ಬೇಕಾಗಿದೆ ಎಂಬುದನ್ನು ಅವರಿಗೆ ತಿಳಿಸು” ಎಂದರಂತೆ. ಹುಡುಗಿ ಅವರ ಎರಡೂ ಕೈಗಳನ್ನು ನೋಡಿ, “ಪುಸ್ತಕ ಇಲ್ದನ ಪಾಠ ಓದಾಕತ್ತೀರಲ್ರಿ ಸರ್!” ಎಂದಳು.

ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗಿತು. ಅದು ನಾನಾಗಿರಲಿಲ್ಲ, ಆದರೆ ಆಗಿರಬಹುದಾಗಿತ್ತು. ಇಪ್ಪತ್ತು ವರ್ಷ ಕನ್ನಡ ಕಲಿಸಿದವನಿಗೆ ತಾನು ಆಡುವುದು ಓದುವ ಕನ್ನಡವೆಂದು ಒಂದು ಮಗು ಹೇಳಬೇಕಾಯಿತು. ಆ ಪ್ರಹಸನವನ್ನು ಅವಳೇ ಆಡಿದಳು. ಅಂಗಡಿಯವನ ಪಾತ್ರವನ್ನು ವಹಿಸಿದವನು, ಮೊದಲು ಕೂಲಿಗಾರನನ್ನು ಅಣಕಿಸಿ ತೋರಿಸಿದ ಅದೇ ತರುಣ. ಚಾಪೆಯ ಮೇಲಿದ್ದ ಮಕ್ಕಳು ನಕ್ಕರು. ಗೋಡೆಯ ಹತ್ತಿರ ನಿಂತವರು, ‘ಉಂಡ್ ಬರ್ರಿ’ ಎಂಬಲ್ಲಿ ನಮ್ಮವರಿಗಿಂತ ಅರೆಕ್ಷಣ ಮೊದಲೇ ನಕ್ಕರು. ನಮ್ಮ ವಿನೋದಾವಳಿಯ ಇಷ್ಟು ವರ್ಷಗಳಲ್ಲಿ ಹಿಂದಿನಿಂದ ಮುಂದಕ್ಕೆ ಬಂದ ನಗು ಅದೊಂದೇ.

ಅಂದಿನಿಂದ ನನ್ನಲ್ಲಿ ಒಂದು ಅಭಿಪ್ರಾಯ ನೆಲೆಗೊಂಡಿದೆ. ನಗೆ ಯಾರ ಮೇಲೆ ಎರಗುತ್ತದೆ ಎಂಬುದು ಬರೆಯುವವನ ಸ್ವಭಾವಕ್ಕಿಂತ ಹೆಚ್ಚಾಗಿ, ಬರೆಯುವ ಕೋಣೆಯಲ್ಲಿ ಯಾರು ಯಾರು ಕುಳಿತಿದ್ದಾರೆ ಎಂಬುದನ್ನು ಅವಲಂಬಿಸಿದೆ. ಒಬ್ಬನೇ ಬರೆದಾಗ, ಅವನು ಎಷ್ಟೇ ಸಜ್ಜನನಾಗಿರಲಿ, ಕೋಣೆಯಲ್ಲಿ ಇಲ್ಲದವರು ಅವನಿಗೆ ಅಗ್ಗವಾಗಿ ಸಿಕ್ಕುತ್ತಾರೆ.

ಕೋಣೆಯಲ್ಲಿ ಇಲ್ಲದ ಇನ್ನೊಂದು ವರ್ಗವೂ ಇದೆ: ಮುಂದಿನ ಸಾಲಿನವರು. ಅವರ ಕತೆಯೇ ಬೇರೆ. ಬಂಗಾಳದಲ್ಲಿ ವೇಲ್ಸಿನ ರಾಜಕುಮಾರನು ಕಲ್ಕತ್ತೆಗೆ ಬಂದಿದ್ದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ತಮ್ಮ ಮನೆಯ ಅಂತಃಪುರಕ್ಕೇ ಬರಮಾಡಿಕೊಂಡು ಹೆಂಗಸರಿಂದ ಆರತಿ ಎತ್ತಿಸಿದರು. ಊರೆಲ್ಲ ಗುಲ್ಲಾಯಿತು. ಕೆಲವೇ ವಾರಗಳಲ್ಲಿ, 1876ರ ಫೆಬ್ರವರಿಯಲ್ಲಿ, ಗ್ರೇಟ್ ನ್ಯಾಷನಲ್ ಥಿಯೇಟರಿನವರು ಅದನ್ನು ‘ಗಜದಾನಂದ’ ಎಂಬ ಪ್ರಹಸನ ಮಾಡಿ ಆಡಿದರು. ಪೊಲೀಸರು ತಡೆದರು. ನಾಟಕದವರು ಸುಮ್ಮನಿರದೆ ‘ಹಂದಿ ಮತ್ತು ಕುರಿಗಳ ಪೊಲೀಸು’ ಎಂಬರ್ಥದ ಹೆಸರಿನ ಇನ್ನೊಂದನ್ನು ಆಡಿದರು. ಪೊಲೀಸ್ ಕಮಿಷನರರ ಹೆಸರು ಹಾಗ್, ಸೂಪರಿಂಟೆಂಡೆಂಟರ ಹೆಸರು ಲ್ಯಾಂಬ್! ವೈಸರಾಯರು ಆ ತಿಂಗಳ ಕೊನೆಗೇ ಸುಗ್ರೀವಾಜ್ಞೆ ಹೊರಡಿಸಿದರು. ಅದೇ ವರ್ಷ ಅದು ನಾಟಕ ಪ್ರದರ್ಶನ ಕಾಯಿದೆಯಾಯಿತು. ಊರಿನ ಒಂದು ಗಾಳಿಮಾತನ್ನು ಹಿಡಿದು ಹುಟ್ಟಿದ ಪ್ರಹಸನಕ್ಕಾಗಿ ಬಂದ ಆ ಕೇಂದ್ರದ ಕಾಯಿದೆಯು ಸ್ವತಂತ್ರ ಭಾರತದಲ್ಲಿಯೂ ಪುಸ್ತಕದಲ್ಲಿ ಉಳಿದುಕೊಂಡು, 2018ರ ಆರಂಭದಲ್ಲಿ ರದ್ದಾಯಿತು. ಪ್ರಹಸನವನ್ನು ಮಾತ್ರ ಈಗ ಬಲ್ಲವರು ವಿರಳ.

ಕಾಯಿದೆಗಿಂತ ಕ್ರೂರವಾದದ್ದೂ ಉಂಟು. ದೆಹಲಿಯ ಜನ ನಾಟ್ಯ ಮಂಚ್ 1973ರಲ್ಲಿ ಹುಟ್ಟಿದ್ದು. ಅವರು 1978ರಲ್ಲಿ ಕೂಡಿ ರೂಪಿಸಿದ ‘ಮಷೀನ್’ ಎಂಬ ಬೀದಿನಾಟಕ ಹದಿನೈದು ನಿಮಿಷವೂ ಇಲ್ಲ. ಸೈಕಲ್ ನಿಲ್ಲಿಸುವುದಕ್ಕೆ ಒಂದು ಜಾಗ, ಚಹಾ ಕುಡಿಯುವುದಕ್ಕೆ ಒಂದು ಕ್ಯಾಂಟೀನು ಬೇಕೆಂದು ಕೇಳಿದ ಕಾರ್ಮಿಕರ ಕತೆ ಅದು. ಅದೇ ತಂಡವು 1989ರ ಜನವರಿ 1ರಂದು ಸಾಹಿಬಾಬಾದಿನಲ್ಲಿ ‘ಹಲ್ಲಾ ಬೋಲ್’ ಆಡುತ್ತಿದ್ದಾಗ ಹಲ್ಲೆಯಾಗಿ, ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. ಜನವರಿ 4ರಂದು ಅವರ ಹೆಂಡತಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ, ನಿಂತುಹೋದ ಆ ನಾಟಕವನ್ನು ಆಡಿ ಮುಗಿಸಿದರು.

ಇವುಗಳ ಮುಂದೆ ನಮ್ಮ ಸಂಕಟವನ್ನು ಹೇಳಿಕೊಳ್ಳುವುದಕ್ಕೇ ಸಂಕೋಚವಾಗುತ್ತದೆ. ಆದರೂ ಊರಿಗೆ ಊರಿನ ಅಳತೆಯೇ ಸರಿ. ಬೈಲಿನ ಗದ್ದೆಗಳಿಗೆ ಮಣ್ಣು ತುಂಬಿಸಿ ನಿವೇಶನ ಮಾಡಿ ಮಾರುವುದನ್ನು ಕುರಿತು ಒಂದು ವರ್ಷ ನಾವೊಂದು ಪ್ರಹಸನ ಕಟ್ಟಿದ್ದೆವು. ಅದರಲ್ಲಿ ಕಪ್ಪೆಯೊಂದು ಪಹಣಿಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಯಾರ ಹೆಸರೂ ಅದರಲ್ಲಿ ಇರಲಿಲ್ಲ. ಆದರೆ ನಮ್ಮ ಕಾರ್ಯಕ್ರಮದ ದೀಪ ಮತ್ತು ಧ್ವನಿವರ್ಧಕದ ಖರ್ಚನ್ನು ಕೊಡುತ್ತಿದ್ದ ಕೊಡುಗೈ ದಾನಿಯೊಬ್ಬರಿಗೆ ಸುದ್ದಿ ಮುಟ್ಟಿ, ಅದೊಂದನ್ನು ಬಿಟ್ಟರೆ ಒಳ್ಳೆಯದೆಂದು ಅವರು ಹೇಳಿಕಳಿಸಿದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬ ಗಾದೆ ಎಲ್ಲರ ಬಾಯಲ್ಲೂ ಬಂದಿತಾದರೂ ಗಾದೆಯಿಂದ ದೀಪ ಉರಿಯುವುದಿಲ್ಲ. ಬ್ಯಾಂಕಿನವರು ಲೆಕ್ಕ ಹಾಕಿ ತೋರಿಸಿದರು. ಕೊನೆಗೆ ರಿಕ್ಷಾದವರೇ ಕೈಬರಹದ ಪ್ರತಿಯನ್ನು ತೆಗೆದುಕೊಂಡು ಹೋಗಿ, “ಇದರಲ್ಲಿ ನಿಮ್ಮನ್ನು ಹೇಳಿದ ಸಾಲು ಯಾವುದೆಂದು ತಾವೇ ಗುರುತು ಹಾಕಿಕೊಡಿ ಅಣ್ಣ, ಅದನ್ನು ಹೊಡೆದುಹಾಕುತ್ತೇವೆ” ಎಂದು ವಿನಯದಿಂದ ಕೊಟ್ಟುಬಂದರು. ಪ್ರತಿ ಎರಡು ದಿನದ ಮೇಲೆ ಹಿಂದಕ್ಕೆ ಬಂದಿತು. ಒಂದು ಸಾಲಿಗೂ ಗುರುತು ಇರಲಿಲ್ಲ. ಕಪ್ಪೆಯ ಪ್ರಹಸನವನ್ನು ಆಡಿದೆವು. ಅವರು ಎದುರಿನ ಸಾಲಿನಲ್ಲಿಯೇ ಕುಳಿತು ನೋಡಿದರು, ನಕ್ಕರು ಕೂಡ. ಮರುವರ್ಷದಿಂದ ದೀಪದ ಖರ್ಚು ನಮ್ಮ ಕೈಯಿಂದಲೇ ಹೋಗುತ್ತಿದೆ. ಗದ್ದೆಗೆ ಮಣ್ಣು ತುಂಬುವುದೇನೂ ನಿಂತಿಲ್ಲ. ಪ್ರಹಸನದಿಂದ ಊರು ತಿದ್ದುತ್ತದೆಂದು ಹೇಳುವವರ ಪಂಕ್ತಿಯಲ್ಲಿ ನಾನು ಕೂರಲಾರೆ.

ಹೊತ್ತಿನ ಕಾಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಶಬ್ದಮಾಲಿನ್ಯದ 2000ದ ನಿಯಮಗಳಂತೆ ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಬೇಕು. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳೇ ಕಾಲಮಿತಿಗೆ ಇಳಿದಿರುವಾಗ ನಮ್ಮದೇನು? ಸಭೆಯಲ್ಲಿ ಒಬ್ಬರ ಭಾಷಣ ಉದ್ದವಾದರೆ ನಮ್ಮ ಒಂದು ಪ್ರಹಸನ ಸಾಯುತ್ತದೆ. ಸನ್ಮಾನಗಳು ಆರಾದರೆ ಎರಡು ಸಾಯುತ್ತವೆ. ಈ ಹೊಟ್ಟೆಯುರಿಯಿಂದಲೇ ಸನ್ಮಾನದ ಶಾಲನ್ನು ಕುರಿತ ಒಂದು ಪ್ರಹಸನ ಹುಟ್ಟಿ, ಅದನ್ನು ಆಡುವ ದಿನ ಸನ್ಮಾನಗಳು ತಡವಾದದ್ದರಿಂದ ಅದೇ ಸತ್ತಿತು.

ನನ್ನ ಬಳಿ ಈಗ ಇಂತಹ ಬರಹದ ಹನ್ನೆರಡು ನೋಟು ಪುಸ್ತಕಗಳಿವೆ. ಮೊನ್ನೆ ಅವುಗಳಲ್ಲಿ ಕೆಲವನ್ನು ಕಾಲೇಜಿನ ವಿದ್ಯಾರ್ಥಿಗಳಿಗೆ ಓದಿ ಹೇಳಿದೆ. ನಮ್ಮ ಕಡಲ ಕರೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗಿನ ಪ್ರಹಸನಕ್ಕೆ—ಅಲ್ಲಿ ಅಜ್ಜಿಯೊಬ್ಬಳು, “ನೀಲಿ ಬಾವುಟ ಯಾವ ಪಾರ್ಟಿಯದು ಮಗಾ, ಎಲೆಕ್ಷನ್ ಯಾವಾಗ?” ಎಂದು ಕೇಳುತ್ತಾಳೆ—ಅವರು ನಕ್ಕರು. ಆದರೆ 2016ರ ನವೆಂಬರಿನದನ್ನು ಓದಿದಾಗ ತರಗತಿ ಸುಮ್ಮನೆ ಕುಳಿತಿತ್ತು. ಅಜ್ಜಿ ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟ ನೋಟುಗಳನ್ನು ಮನೆಯವರಿಗೆ ತೋರಿಸಬೇಕೋ ಬೇಡವೋ ಎಂದು ಒದ್ದಾಡುವ ಆ ಪ್ರಸಂಗಕ್ಕೆ ಅಂದು ಚಪ್ಪರವೇ ಹಾರಿಹೋಗುವಂತೆ ಜನ ನಕ್ಕಿದ್ದರು. ನನ್ನ ವಿದ್ಯಾರ್ಥಿಗಳಿಗೆ ಆಗ ಎಂಟೊಂಬತ್ತು ವರ್ಷ. 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ಒಂದು ರಾತ್ರಿಯಲ್ಲಿ ನಡೆಯದಂತಾದ ಕತೆಯನ್ನು ನಾನು ಮೊದಲು ವಿವರಿಸಬೇಕಾಯಿತು. ವಿವರಿಸಿದ ಮೇಲೆ ಅವರಿಗೆ ನಗುವಿಗಿಂತ ಅಜ್ಜಿಯ ಮೇಲೆ ಮರುಕವೇ ಹೆಚ್ಚಾಯಿತು. ಹುಡುಗಿಯೊಬ್ಬಳು, “ಅವಳು ಗಂಡನಿಗೆ ಗೊತ್ತಾಗದಂತೆ ಹಣ ಕೂಡಿಡಬೇಕಾಗಿ ಬಂದದ್ದು ಏಕೆ ಸರ್?” ಎಂದು ಕೇಳಿದಳು. ಬರೆದ ಏಳು ಮಂದಿಯಲ್ಲಿ ಯಾರೂ ಅಂದು ಕೇಳದಿದ್ದ ಪ್ರಶ್ನೆ ಅದು. ‘ಹೋಂ ರೂಲು’ ಪಾಠ ಮಾಡುವಾಗ ನಾನು ಹೋಮ್ ರೂಲ್ ಚಳವಳಿಯನ್ನು ವಿವರಿಸುತ್ತ ನಿಂತಂತೆ, ನಮ್ಮ ಅಕ್ಕಿಯ ಡಬ್ಬಕ್ಕೂ ಟಿಪ್ಪಣಿ ಬೇಕಾಗುವ ಕಾಲ ಇಷ್ಟು ಬೇಗ ಬರುತ್ತದೆಂದು ಭಾವಿಸಿರಲಿಲ್ಲ.

ಈ ವರ್ಷದ ಕೂಟ ಮತ್ತೆ ಸೇರಿದೆ. ಬೆಲ್ಲದ ಹುಡುಗಿ ಈಗ ಪಿ.ಯು.ಸಿ.ಯಲ್ಲಿದ್ದಾಳೆ, ತಂಡದ ಎಂಟನೆಯ ಸದಸ್ಯೆ. ತುಳುವನ್ನು ನನ್ನ ವಿದ್ಯಾರ್ಥಿಗಳಷ್ಟೇ ಸೊಗಸಾಗಿ ಆಡುತ್ತಾಳೆ, ಕೋಪ ಬಂದಾಗ ಮಾತ್ರ ಬಾಗಲಕೋಟೆಗೆ ಹೋಗುತ್ತಾಳೆ. ಕಳೆದ ವಾರ ಅವಳು ಬಾಯಲ್ಲಿ ಹೇಳಿದ ಪ್ರಸಂಗದಲ್ಲಿ ಕನ್ನಡ ಉಪನ್ಯಾಸಕನೊಬ್ಬನು ಮೀನಿನ ಮಾರುಕಟ್ಟೆಯಲ್ಲಿ ವ್ಯಾಕರಣಶುದ್ಧವಾಗಿ ಚೌಕಾಸಿ ಮಾಡುತ್ತಾನೆ. ಏಳೂ ಮಂದಿ ನಕ್ಕರು, ಪುಸ್ತಕಕ್ಕೆ ಬರೆದುಕೊಂಡೆ. ಉಪನ್ಯಾಸಕನ ಪಾತ್ರವನ್ನು ನಾನೇ ಮಾಡಬೇಕೆಂದು ಅವರ ಹಟ. ಬಂಗುಡೆಯ ಬೆಲೆಯನ್ನು ಕೇಳುವ ಎರಡನೆಯ ಮಾತು ಇನ್ನೂ ಸರಿಬಂದಿಲ್ಲ. ಮುಂದಿನ ಬುಧವಾರಕ್ಕೆ ಮೀನು ಮಾರುವ ಅಕ್ಕ ಒಬ್ಬರು ಕೂಟಕ್ಕೆ ಬರುತ್ತೇನೆಂದಿದ್ದಾರೆ.